ತಾಂಡೂರಿನಿಂದ ತಂದ ಕ್ಯಾಪುಗಳು

ಪರೀಕ್ಷೆಯ ತಾರೀಕು ಇನ್ನೂ ಗೊತ್ತಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಟೈಪಿಸ್ಟ್ ಅಕ್ಕನ ಉಂಗುರ ಬೆರಳಿನ ಕೆಳಗಿದ್ದ ಎಸ್ ಕೀಯ ಪ್ಲಾಸ್ಟಿಕ್ ಟೊಪ್ಪಿಗೆ ಸಿಡಿದು ಕಿಟಕಿಯ ಸರಳಿಗೆ ಬಡಿಯಿತು. ಆ ಟೊಪ್ಪಿಗೆಗೆ ನಾವು ಕ್ಯಾಪು ಅನ್ನುತ್ತೇವೆ.

"ತಂಗೀ, ನಾ ಏನೂ ಮಾಡಿಲ್ಲವ್ವಾ. ತಾನೇ ಹಾರ್ತು."

"ತಾನೇ ಯಾಕ ಹಾರ್ತದ ಅಕ್ಕಾ? ನೀವು ಕೀ ಒತ್ತಲ್ರಿ, ಕುಟ್ತೀರಿ."

ಹುಡುಕಿ ತಂದು ತಿರುಗಿಸಿ ನೋಡಿದೆ. ಒಳಗಿನ ಕಡ್ಡಿ ನೆಟ್ಟಗೆ ಸೀಳಿತ್ತು. ಇನ್ನು ಅದು ಕೂಡುವ ಹಾಗಿರಲಿಲ್ಲ.

ಆಗ ನಾನು ಜಹೀರಾಬಾದಿನ ಒಂದು ಟೈಪಿಂಗ್ ಮತ್ತು ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಸರ್ಕಾರಿ ನೌಕರರೆಲ್ಲ ಸಮ್ಮೆಗೆ ಕೂತಿದ್ದ ಕಾಲ ಅದು. ಕಚೇರಿಗಳು ಮುಚ್ಚಿದ್ದವು, ಸರ್ಕಾರಿ ಬಸ್ಸುಗಳು ನಿಂತಿದ್ದವು, ಕಲ್ಲಿದ್ದಲು ಗಣಿಯವರೂ ಸಮ್ಮೆಗೆ ಇಳಿದ ಮೇಲೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎನ್ನುವುದಕ್ಕೆ ನೆಲೆಯಿರಲಿಲ್ಲ. ನನ್ನ ಹತ್ತಿರ ಕಲಿಯಲು ಬರುತ್ತಿದ್ದ ಈ ಅಕ್ಕನದು ನಾರಾಯಣಖೇಡದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕಿದ್ದು. ಕೊಡುವಾಗಲೇ ಷರತ್ತು ಹಾಕಿದ್ದರು: ಕಂಪ್ಯೂಟರಿನ ಮೇಲೆ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತು ಎರಡು ಸಲವೂ ತಪ್ಪು ಹೆಚ್ಚಾಗಿ ಫೇಲಾಗಿದ್ದರು. ಇದು ಮೂರನೆಯದು, ಕೊನೆಯದು. ಇದೂ ಹೋದರೆ ಟೈಪಿಸ್ಟ್ ಕುರ್ಚಿಯಿಂದ ಎಬ್ಬಿಸಿ ಅಟೆಂಡರ್ ಮಾಡುತ್ತಾರೆ. ಅದೇ ಕಚೇರಿಯಲ್ಲಿ, ಅದೇ ಜನರ ನಡುವೆ.

ಸಮ್ಮೆ ಮುಗಿದ ಕೂಡಲೇ ಪರೀಕ್ಷೆ ಎಂದು ಮೊದಲೇ ತಿಳಿಸಿದ್ದರು. ಹೀಗಾಗಿ ನಮ್ಮದು ವಿಚಿತ್ರ ಸಂಕಟ. ಅಕ್ಕ ಜಹೀರಾಬಾದಿನ ತಮ್ಮನ ಮನೆಯಲ್ಲಿದ್ದುಕೊಂಡು ಮಧ್ಯಾಹ್ನದವರೆಗೆ ಸಮ್ಮೆಯ ಟೆಂಟಿನಲ್ಲಿ ಜೈ ತೆಲಂಗಾಣ ಎಂದು ಕೂಗಿ, ಆಮೇಲೆ ನನ್ನ ಹತ್ತಿರ ಬಂದು ಕೂತು, "ಯವ್ವಾ, ಇನ್ನ ಎರಡ ವಾರ ಮುಗೀಬಾರ್ದು ನೋಡು" ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಪೇಪರು ಬಿಚ್ಚಿ ಮೊದಲು ಸಮ್ಮೆಯ ಸುದ್ದಿಯನ್ನೇ ಹುಡುಕುತ್ತಿದ್ದೆ.

ಅವರ ತೊಂದರೆ ಏನೆಂದು ಹೇಳಬೇಕು. ಅವರು ಕಲಿತದ್ದು ಹಳೆಯ ಟೈಪ್‌ರೈಟರಿನ ಮೇಲೆ, ವಯಸ್ಸಾದ ಮೇಲೆ, ಅವಸರದಲ್ಲಿ. ಹೊಡೆತ ಜೋರು. ಈಗಿನ ಚಪ್ಪಟೆ ಕೀಬೋರ್ಡಿನ ಮೇಲೆ ಅವರ ಬೆರಳಿಗೆ ಕೀ ಇಳಿದದ್ದೂ ತಿಳಿಯುತ್ತಿರಲಿಲ್ಲ, ಎದ್ದದ್ದೂ ತಿಳಿಯುತ್ತಿರಲಿಲ್ಲ. ಒಂದು ಅಕ್ಷರ ಎರಡು ಸಲ ಬೀಳುತ್ತಿತ್ತು. ಜೊತೆಗೆ ಇನ್ನೊಂದು ಚಟ. ಅನುಮಾನ ಬಂದಾಗಲೆಲ್ಲ ಕಣ್ಣು ಕೆಳಗೆ, ಕೀಗಳ ಮೇಲೆ. ಕಣ್ಣು ತಿರುಗಿ ಕಾಗದಕ್ಕೆ ಹೋಗುವಷ್ಟರಲ್ಲಿ ಒಂದು ಸಾಲು ತಪ್ಪಿರುತ್ತಿತ್ತು. ಹತ್ತು ನಿಮಿಷದ ಪರೀಕ್ಷೆಯಲ್ಲಿ ಇಪ್ಪತ್ತೈದು ತಪ್ಪಿನವರೆಗೆ ಮಾಫಿ. ಅವರದು ಮೂವತ್ತೆಂಟಕ್ಕೆ ನಿಲ್ಲುತ್ತಿತ್ತು.

ಸ್ವಂತ ಕೀಬೋರ್ಡು ತರಬಹುದು ಎಂದು ನಿಯಮದಲ್ಲಿ ಒಂದು ಸಾಲಿತ್ತು. ಅದನ್ನು ಓದಿದವಳು ನಾನು. ನಮ್ಮ ಇನ್‌ಸ್ಟಿಟ್ಯೂಟಿನ ಮೂಲೆಯಲ್ಲಿ ಹಳೇ ಮೆಕ್ಯಾನಿಕಲ್ ಕೀಬೋರ್ಡು ಒಂದಿತ್ತು. ಬ್ಯಾಂಕಿನ ಕೌಂಟರಿನಲ್ಲಿ, ಬಸ್ಸಿನ ರಿಸರ್ವೇಶನ್ ಕಿಟಕಿಯಲ್ಲಿ ಇರುತ್ತಿದ್ದವಲ್ಲ, ಒತ್ತಿದರೆ ಟಕ್ ಅನ್ನುವಂಥವು. ಪ್ರತಿ ಕೀಗೂ ಕೆಳಗೆ ತನ್ನದೇ ಸ್ಪ್ರಿಂಗು. ಅಕ್ಕನನ್ನು ಅದರ ಮೇಲೆ ಕೂರಿಸಿದ ದಿನವೇ ತಪ್ಪು ಮೂವತ್ತಕ್ಕೆ ಇಳಿಯಿತು. "ಪಾಸ್ ಮಾಡ್ಸೇ ಮಾಡಸ್ತೀನಿ" ಎಂದು ನಾನು ಮಾತು ಕೊಟ್ಟುಬಿಟ್ಟೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಮೊಗುಡಂಪಲ್ಲಿಯಿಂದ ದಿನಾ ಓಡಾಡಿ, ಅವ್ವನ ಕಬ್ಬಿನ ಕೂಲಿಯ ಮೇಲೆ ಓದಿದವಳು. ಒಂದು ಸಲ ಬಾಯಿಂದ ಮಾತು ಬಂದರೆ ಹಿಂದೆ ತೆಗೆದುಕೊಳ್ಳುವುದು ನನಗೆ ಗೊತ್ತಿರಲಿಲ್ಲ. ಈಗ ಅದೇ ಕೀಬೋರ್ಡಿನ ಎಸ್ ಸೀಳಿತ್ತು. ಪರೀಕ್ಷಿಸಿ ನೋಡಿದರೆ ಎ, ಇ, ಎನ್ ಕೂಡ ಸೀಳುವ ಹಂತದಲ್ಲಿದ್ದವು. ಉಳಿದವು ಸವೆದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಅಕ್ಕನ ಬೆರಳು ಬೆವರಿದರೆ ಜಾರಿ ಪಕ್ಕದ ಕೀಗೆ ಹೋಗುತ್ತಿತ್ತು. ಒಂದು ಎಸ್ ಬದಲಿಸಿದರೆ ಸಾಲದು, ಅಕ್ಷರದ ಮೂರು ಸಾಲನ್ನೂ ಬದಲಿಸಬೇಕು.

ಹೈದರಾಬಾದಿಗೆ ಬಸ್ಸಿರಲಿಲ್ಲ, ಹೇಗೋ ಹೋದರೂ ಅಂಗಡಿ ತೆರೆದಿರುತ್ತದೆ ಎನ್ನುವ ಖಾತ್ರಿಯಿರಲಿಲ್ಲ. ಮೊದಲು ನಮ್ಮ ಊರಿನ ರಿಪೇರಿ ಚಾಚಾನ ಅಂಗಡಿಗೆ ಹೋದೆವು. ಅರ್ಧ ಬಾಗಿಲು ಎಳೆದುಕೊಂಡು ಕೂತಿದ್ದರು. ಸಮ್ಮೆಗೆ ಮುಂಚೆ ತಂದಿಟ್ಟ ಹೊಸ ಸೆಟ್ಟು ಒಂದಿತ್ತು. ಬಿಳಿ ಕ್ಯಾಪು, ಕರಿ ಅಕ್ಷರ, ನೋಡಲು ಚೆಂದ.

"ಟೋಪಿ ಟೋಪಿನೇ ಬೇಟಿ. ಹಾಕು, ಫಿಕರ್ ನಕ್ಕೋ" ಎಂದು ಚಾಚಾ ನನ್ನ ಚಿಂತೆಯನ್ನು ತಳ್ಳಿಹಾಕಿದರು.

"ನಿಮ್ಮ ತಲಿ ಟೋಪಿ ನನ್ನ ತಮ್ಮಗ ಹಾಕಿದ್ರ ಮೂಗಿನ ತನಕ ಬರ್ತದ ಚಾಚಾ" ಅಂದರು ಅಕ್ಕ.

ಹಾಕಿದೆವು. ಕೂತವು. ಆದರೆ ಮರುದಿನ ತಪ್ಪು ಮೂವತ್ತೈದಕ್ಕೆ ಏರಿತು. ಯಾಕೆಂದು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು. ಹಳೆಯ ಕ್ಯಾಪುಗಳು ಮೆಟ್ಟಿಲಿನ ಹಾಗೆ. ಮೇಲಿನ ಸಾಲು ಎತ್ತರ, ನಡುವಿನದು ತಗ್ಗು, ಕೆಳಗಿನದು ಹಿಂದಕ್ಕೆ ವಾಲಿದ್ದು. ಬೆರಳಿಗೆ ಸಾಲು ತಿಳಿಯುವುದೇ ಅದರಿಂದ. ಹೊಸ ಸೆಟ್ಟಿನಲ್ಲಿ ಮೂರೂ ಸಾಲು ಒಂದೇ ಎತ್ತರ. ಮೇಲಾಗಿ ಅಕ್ಷರ ಅಷ್ಟು ಕಪ್ಪಗೆ, ಸ್ಪಷ್ಟವಾಗಿ ಇದ್ದದ್ದರಿಂದ ಅಕ್ಕ ಮತ್ತಷ್ಟು ಕೆಳಗೆ ನೋಡತೊಡಗಿದರು. ಚಾಚಾನಿಗೆ ವಾಪಸು ಕೊಟ್ಟೆವು.

ಎರಡನೆಯದು ನಾರಾಯಣಖೇಡ. ಅಲ್ಲಿ ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹಳೇ ಕೀಬೋರ್ಡುಗಳು ಬಿದ್ದಿವೆ ಎಂದು ಅಕ್ಕನಿಗೆ ನೆನಪಿತ್ತು. ನಾನೊಬ್ಬಳೇ ಆಟೋ ಬದಲಿಸುತ್ತಾ, ಟೆಂಟು ಹಾಕಿದ ಕಡೆಯೆಲ್ಲ ಇಳಿದು ನಡೆಯುತ್ತಾ ಹೋದೆ. ಸಿಕ್ಕಿತು. ದಪ್ಪ ಕ್ಯಾಪು, ಮೆಟ್ಟಿಲು ಮೆಟ್ಟಿಲಾಗಿ ಎಷ್ಟು ಲಕ್ಷಣವಾಗಿತ್ತೆಂದರೆ, ಇದೇ ಎಂದುಕೊಂಡೆ. ಬಿಚ್ಚಿಕೊಂಡು ಚೀಲಕ್ಕೆ ಹಾಕಿ ಅದೇ ಕಾಲಲ್ಲಿ ಹೊರಟೆ. ಊರಿಗೆ ಬಂದು ಅಕ್ಕನ ಎದುರೇ ಎಸ್ ಇದ್ದ ಜಾಗಕ್ಕೆ ಇಟ್ಟು ಒತ್ತಿದೆ. ಕೂಡಲಿಲ್ಲ. ಇನ್ನೂ ಒತ್ತಿದೆ. ಕರಕ್ ಎಂದಿತು.

ತಿರುಗಿಸಿ ನೋಡಿದರೆ, ನಮ್ಮ ಕೀಬೋರ್ಡಿನ ಕಡ್ಡಿ ಲೆಕ್ಕದಲ್ಲಿ ಹಾಕುವ ಕೂಡಿಸುವ ಗುರುತಿನ ಹಾಗೆ ಇದೆ, ನಾನು ತಂದ ಕ್ಯಾಪಿನೊಳಗೆ ಉದ್ದನೆಯ ಒಂದು ಸೀಳು. ಅದು ಬೇರೆ ಜಾತಿಯ ಕೀಬೋರ್ಡು. ಕೆಳಗೆ ತಿರುಗಿಸಿ ನೋಡಿದ್ದರೆ ನಾರಾಯಣಖೇಡದಲ್ಲೇ ತಿಳಿಯುತ್ತಿತ್ತು. ನಾನು ಮೇಲಿನ ರೂಪ ನೋಡಿ ಬಂದೆ. ಮುರಿದದ್ದು ಆ ಕ್ಯಾಪಲ್ಲ, ನಮ್ಮ ಎಸ್ ಕೀಯಲ್ಲಿ ಕ್ಯಾಪಿನ ಕೆಳಗಿರುವ ಸ್ವಿಚ್ಚು. ಹೆಚ್ಚು ಬಳಸದ ಒಂದು ಕೀಯ ಸ್ವಿಚ್ಚನ್ನು ಕಿತ್ತು ಅಲ್ಲಿಗೆ ಬೆಸುಗೆ ಹಾಕಿಸಲು ಚಾಚಾನ ಹತ್ತಿರ ಎರಡು ದಿನ ಹೋಯಿತು. ಬೆಸುಗೆ ಹಾಕಲು ಕರೆಂಟು ಬೇಕಲ್ಲ.

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. "ಇರ್ಲಿ ಬಿಡು ತಂಗೀ. ಅಟೆಂಡರ್ ಆದ್ರ ಆತು. ನಿಂತು ಮಾಡೋ ಕೆಲಸ, ಬೆನ್ನಿಗಿ ಛಲೋ" ಎಂದರು. ಆಮೇಲೆ ಸೆರಗಿನಿಂದ ಕೀಬೋರ್ಡು ಒರೆಸತೊಡಗಿದರು.

ಮೂರನೆಯ ದಾರಿ ತಾಂಡೂರು. ನನ್ನ ಹತ್ತಿರ ಕಲಿತವನೊಬ್ಬ ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಲಾರಿ ತೂಗುವ ಕಟ್ಟೆಯಲ್ಲಿ ಗುಮಾಸ್ತ. ಅಲ್ಲೂ ಟಕ್ ಅನ್ನುವ ಹಳೇ ಕೀಬೋರ್ಡು ಇದೆ ಎಂದು ಹಿಂದೆ ಹೇಳಿದ್ದ. ಅವನಿಗೆ ಫೋನು ಮಾಡಿ ಈ ಸಲ ಮೊದಲು ಕೇಳಿದ್ದೇ, "ಒಂದು ಕ್ಯಾಪ್ ಕಿತ್ತು ಕೆಳಗ ನೋಡಪಾ. ಕೂಡಿಸೋ ಗುರ್ತ ಅದನೋ, ಗೀಟ ಅದನೋ?"

"ಕೂಡಿಸೋ ಗುರ್ತ ಅದ ಮೇಡಂ. ಆದ್ರ ಬೋರ್ಡ್ ಸತ್ತದ್ರಿ. ಧೂಳು ತುಂಬ್ಯದ."

"ಬೋರ್ಡ್ ನೀನೇ ಇಟ್ಕೋ. ಕ್ಯಾಪ್ ಸಾಕು."

ರೈಲು ತಡೆ ಶುರುವಾಗುವ ಹಿಂದಿನ ದಿನ ಅಕ್ಕನೂ ನಾನೂ ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಹೋದೆವು. ಆ ಕಚೇರಿಯಲ್ಲಿ ಮೇಜು, ಕುರ್ಚಿ, ಗುಮಾಸ್ತನ ಹುಬ್ಬು, ಎಲ್ಲವೂ ಕಲ್ಲಿನ ಪುಡಿಯ ಬಣ್ಣ. ಕೀಬೋರ್ಡು ನಮ್ಮದೇ ಮಾದರಿ. ಆದರೆ ಅದರ ಕ್ಯಾಪುಗಳ ಮೇಲೆ ಒಂದೂ ಅಕ್ಷರವಿರಲಿಲ್ಲ. ದಿನಕ್ಕೆ ನಾಲ್ಕು ಸಲ ಬಟ್ಟೆಯಿಂದ ಒರೆಸುತ್ತಿದ್ದರಂತೆ. ಬಟ್ಟೆಯಲ್ಲೂ ಅದೇ ಕಲ್ಲಿನ ಪುಡಿ. ಅಕ್ಷರ ಅಳಿಸಿಹೋಗಿ, ಹೊಳಪು ಹೋಗಿ, ಮೇಲ್ಮೈ ಸಣ್ಣಗೆ ತರಿತರಿಯಾಗಿತ್ತು. ನಾನು ಬೆರಳು ನೀರಿನಲ್ಲಿ ಅದ್ದಿ ಒತ್ತಿ ನೋಡಿದೆ. ಜಾರಲಿಲ್ಲ. ಮೆಟ್ಟಿಲು ಸರಿಯಿತ್ತು. ಕಡ್ಡಿಗಳು ಗಟ್ಟಿಯಿದ್ದವು. ಬೇಕಾದ್ದೆಲ್ಲ ಇತ್ತು, ಅಕ್ಷರವೊಂದು ಬಿಟ್ಟು.

"ಇದ್ರಾಗ ನೀ ಹ್ಯಾಂಗ ಹೊಡಿತಿದ್ದಿಯೋ?" ಎಂದು ಅಕ್ಕ ಕೇಳಿದರು.

"ನಮಗೇನ್ರಿ, ಲಾರಿ ನಂಬರ್ ಅಷ್ಟೇ" ಎಂದ ಅವನು.

ತರಬೇಕೋ ಬೇಡವೋ ಎಂದು ಅಕ್ಕ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ತಂದೆವು. ಬರುವಾಗ ರೈಲು ಸಿಗಲಿಲ್ಲ. ಗುಮಾಸ್ತ ಪರಿಚಯದ ಡ್ರೈವರಿಗೆ ಹೇಳಿ ಕಲ್ಲು ತುಂಬಿದ ಲಾರಿಯಲ್ಲಿ ಕೂರಿಸಿದ. ದಾರಿಯಲ್ಲಿ ಒಂದು ಊರಿನವರು ರಸ್ತೆಯ ನಡುವೆ ಒಲೆ ಹೂಡಿ ಅಡುಗೆ ಮಾಡುತ್ತಾ ಗಾಡಿ ತಡೆದಿದ್ದರು. ಅಕ್ಕ ಕಿಟಕಿಯಿಂದ ಅರ್ಧ ಹೊರಬಂದು ತೆಲುಗಿನಲ್ಲಿ, ನಾನೂ ಸಮ್ಮೆಯವಳೇ, ಸಂಬಳ ನಿಂತಿರುವುದು ನನಗೆ, ನಿಮಗಲ್ಲ ಎಂದು ಜೋರು ಮಾಡಿದರು. ಅವರು ನಕ್ಕು, ಎರಡು ಎಲೆಯಲ್ಲಿ ಬಿಸಿ ಪುಳಿಯೋಗರೆ ಕೊಟ್ಟು ಬಿಟ್ಟರು. ಮುಂದೆ ಊರು ಬರುವವರೆಗೆ ಅಕ್ಕ ಮೊಣಕಾಲಿನ ಮೇಲೆ ಟೈಪ್ ಮಾಡುವ ಹಾಗೆ ಬೆರಳಾಡಿಸುತ್ತಲೇ ಇದ್ದರು.

ಮರುದಿನ ನಾನು ಮತ್ತೊಂದು ತಪ್ಪು ಮಾಡಿದೆ. ಮೂವತ್ತು ಕ್ಯಾಪುಗಳನ್ನೂ ಒಂದೇ ಬೋಗುಣಿ ಸೋಪಿನ ನೀರಿಗೆ ಹಾಕಿ ತೊಳೆದು, ಬಟ್ಟೆಯ ಮೇಲೆ ಹರವಿದೆ. ಒಣಗಿದ ಮೇಲೆ ಕೈಗೆತ್ತಿಕೊಂಡಾಗ ತಪ್ಪು ತಿಳಿಯಿತು. ಅಕ್ಷರವಿದ್ದ ಕ್ಯಾಪಾದರೆ ಓದಿ ಜೋಡಿಸಬಹುದು. ಇವುಗಳಲ್ಲಿ ಯಾವುದು ಯಾವ ಸಾಲಿನದು?

ನೆಲದ ಫರ್ಸಿ ಕಲ್ಲು ಸಪಾಟಾಗಿತ್ತು. ಅದರ ಮೇಲೆ ಕ್ಯಾಪುಗಳನ್ನು ಒಂದೊಂದಾಗಿ ಇಟ್ಟು, ಮೇಲೆ ಸ್ಟೀಲಿನ ಪಟ್ಟಿ ಅಡ್ಡವಿಟ್ಟು, ಕೆಳಗೆ ತೂರುವ ಬೆಳಕು ನೋಡಿದೆ. ಎತ್ತರ ಇದ್ದದ್ದು ಒಂದು ಗುಂಪು. ತಗ್ಗಾದವು ಎರಡು ಬಗೆ, ವಾಲಿರುವ ದಿಕ್ಕಿನಿಂದ ಬೇರೆಯಾದವು. ಹತ್ತು, ಹತ್ತು, ಹತ್ತು ಬರುವವರೆಗೆ ಬಿಡಲಿಲ್ಲ. ಒಂದೇ ಸಾಲಿನೊಳಗೆ ಯಾವುದು ಎಲ್ಲಿ ಕೂತರೂ ನಡೆಯುತ್ತದೆ. ಅಷ್ಟು ಮಾತ್ರ ಅಕ್ಷರ ಇಲ್ಲದ್ದರ ಲಾಭ. ಮಂಡಿ ನೋಯುವ ಹೊತ್ತಿಗೆ ಮೂರು ಸಾಲು ಸಿದ್ಧವಾಗಿತ್ತು.

ಅಕ್ಕ ಬಂದು ಕೂತರು. ಅರ್ಧ ನಿಮಿಷ ಹೊಡೆದು ನಿಂತರು. ಕೆಳಗೆ ನೋಡಿದರು.

"ಇಲ್ಲಿ ಏನೂ ಇಲ್ಲವಲ್ಲೇ ತಂಗೀ!"

"ಇಲ್ರಿ. ನೋಡಬ್ಯಾಡ್ರಿ."

"ನೋಡಬ್ಯಾಡ ಅಂದ್ರ? ಬೆರಳು ಎಲ್ಲವ ಅಂತ ಹ್ಯಾಂಗ ತಿಳೀಬೇಕು? ನಿಂದು ಡಿಗ್ರಿ ಆಗ್ಯದ, ನಿನಗ ಆಟ. ನನ್ನ ಅನ್ನಾ ಇದು!"

ಆ ಮಾತು ಚುಚ್ಚಿತು. ಆದರೆ ಅದರಲ್ಲಿ ಸುಳ್ಳಿರಲಿಲ್ಲ. ತಪ್ಪಿದರೆ ಅವರ ಕುರ್ಚಿ ಹೋಗುತ್ತದೆ, ನನ್ನದಲ್ಲ. ಎರಡು ಕಡೆಯೂ ಭಯವಿತ್ತು. ಹಳೇ ಕ್ಯಾಪು ಹಾಕಿದರೆ ಜಾರುತ್ತದೆ, ಯಾವಾಗ ಸೀಳುತ್ತದೋ ಗೊತ್ತಿಲ್ಲ, ಕಣ್ಣು ಕೆಳಗೇ ಇರುತ್ತದೆ. ಇದನ್ನು ಹಾಕಿದರೆ ಜಾರುವುದಿಲ್ಲ, ಆದರೆ ಪರೀಕ್ಷೆಯ ನಡುವೆ ಬೆರಳು ಜಾಗ ತಪ್ಪಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಎಫ್ ಮತ್ತು ಜೆ ಮೇಲೆ ತೋರುಬೆರಳಿಗೆ ಸಿಗಲೆಂದು ಸಣ್ಣ ಗೀಟು ಎದ್ದಿರುತ್ತದೆ. ತಾಂಡೂರಿನ ಧೂಳು ಅದನ್ನೂ ಉಜ್ಜಿಹಾಕಿತ್ತು.

ಅವತ್ತು ಮಧ್ಯಾಹ್ನ ಕರೆಂಟು ಇರಲಿಲ್ಲ. ಅಕ್ಕ ಮುಖ ತಿರುಗಿಸಿ ಕೂತಿದ್ದರು. ನಾನು ಎಫ್ ಮತ್ತು ಜೆ ಜಾಗದ ಒರಟು ಕ್ಯಾಪುಗಳನ್ನು ಕಿತ್ತು, ನಮ್ಮ ಹಳೇ ಕೀಬೋರ್ಡಿನ ಎಫ್, ಜೆ ಎರಡನ್ನೇ ಹಾಕಿದೆ. ಅವು ಇನ್ನೂ ಗಟ್ಟಿಯಿದ್ದವು. ಇಪ್ಪತ್ತೆಂಟು ತರಿತರಿ, ನಡುವೆ ಎರಡು ನುಣ್ಣಗೆ, ಗೀಟಿನ ಸಮೇತ.

"ಅಕ್ಕಾ, ಕಣ್ಣು ಮುಚ್ಚಿ ಕೈ ಇಡ್ರಿ. ನುಣ್ಣಂದು ಎರಡು ಹುಡುಕ್ರಿ."

ಹುಡುಕಿದರು. ತಕ್ಷಣ ಸಿಕ್ಕವು. ಕೈ ಎತ್ತಿಸಿ ಮತ್ತೆ ಇಡಿಸಿದೆ. ಮತ್ತೆ ಸಿಕ್ಕವು. ಇಪ್ಪತ್ತು ಸಲ ಮಾಡಿಸಿದೆ.

ಆಮೇಲೆ ಉಳಿದ ಹಳೇ ಕ್ಯಾಪುಗಳನ್ನು, ಸೀಳಿದ ಎಸ್ ಬದಲಿಗೆ ಬೇರೊಂದಕ್ಕೆ ಮಸಿಯಿಂದ ಎಸ್ ಬರೆದು, ಒಂದು ಪೊಟ್ಟಣ ಕಟ್ಟಿ ಅವರ ಕೈಯಲ್ಲೇ ಕೊಟ್ಟೆ. "ಇವು ನಿಮ್ಮ ಹತ್ರನೇ ಇರ್ಲಿ. ನಾ ಒತ್ತಾಯ ಮಾಡಲ್ಲ. ಯಾವತ್ತು ಬ್ಯಾಡ ಅನಸ್ತದ, ಅವತ್ತು ಹಾಕಸ್ರಿ" ಎಂದೆ. ಇಡೀ ಪ್ರಕರಣದಲ್ಲಿ ನಾನು ಯೋಚಿಸಿ ಮಾಡಿದ ಕೆಲಸ ಇದೊಂದೇ. ಕಿತ್ತುಕೊಂಡು ಬಚ್ಚಿಟ್ಟಿದ್ದರೆ ಅವರು ಅದನ್ನೇ ಹುಡುಕುತ್ತಿದ್ದರು.

ಕರೆಂಟು ಇಲ್ಲದಾಗ ಕಂಪ್ಯೂಟರಿಲ್ಲದೆ ಬರಿ ಕೀಬೋರ್ಡಿನ ಮೇಲೆ ಹೊಡೆಸಿದೆ. ಅವರು ಹೊಡೆಯುವುದು, ನಾನು ಕೇಳುವುದು. ಟಕ್ ಸದ್ದು ಒಂದೇ ಸಮ ಬರುತ್ತಿದೆಯೇ, ಎಲ್ಲಿ ತಡವರಿಸಿತು, ಎಲ್ಲಿ ಓಡಿತು ಎನ್ನುವುದು ಕ್ರಮೇಣ ಕಿವಿಗೇ ತಿಳಿಯತೊಡಗಿತು. ಮೊದಲ ನಾಲ್ಕು ದಿನ ತಪ್ಪು ನಲವತ್ತು ದಾಟಿತು. ಐದನೆಯ ದಿನ ಮೂವತ್ತೊಂದು. ಅಕ್ಕ ಪೊಟ್ಟಣ ತಂದು ಮೇಜಿನ ಮೇಲಿಟ್ಟು ನೋಡುತ್ತಿದ್ದರು, ಮತ್ತೆ ಚೀಲಕ್ಕೆ ಹಾಕುತ್ತಿದ್ದರು. ಇಪ್ಪತ್ತಾರು ಬಂದ ದಿನ ಸಮ್ಮೆ ಮುಗಿಯಿತು. ಊರಲ್ಲಿ ಮತ್ತೆ ಬಸ್ಸಿನ ಹಾರನ್ನು ಕೇಳತೊಡಗಿತು.

ಪರೀಕ್ಷೆ ಸಂಗಾರೆಡ್ಡಿಯ ಒಂದು ಕಾಲೇಜಿನಲ್ಲಿ. ಕೀಬೋರ್ಡು ಜೋಡಿಸಿಕೊಡುವವರನ್ನು ಗಂಟೆ ಹೊಡೆಯುವವರೆಗೆ ಒಳಗೆ ಬಿಡುತ್ತಿದ್ದರು. ನಾನು ತಂತಿ ಸಿಗಿಸುವಾಗ ಮೇಲ್ವಿಚಾರಕರು ಬಂದು ಬಗ್ಗಿ ನೋಡಿದರು.

"ದೀನಿ ಮೀದ ಅಕ್ಷರಾಲು ಏವಿ ತಲ್ಲೀ?" ಇದರ ಮೇಲೆ ಅಕ್ಷರ ಎಲ್ಲಿ ಎಂದು ಕೇಳಿದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರು ಇದೆಲ್ಲ ಬೇಡ, ನಮ್ಮ ಕೀಬೋರ್ಡು ಹಾಕಿಕೊಳ್ಳಿ ಎಂದರು. ಅಲ್ಲಿದ್ದದ್ದು ಚಪ್ಪಟೆಯದು. ಅಕ್ಕನ ಕೈ ಚೀಲದಲ್ಲಿದ್ದ ಪೊಟ್ಟಣದ ಮೇಲೆ ಹೋದದ್ದನ್ನು ನೋಡಿದೆ. ಅಷ್ಟನ್ನೂ ಬದಲಿಸಲು ಸಮಯವಿರಲಿಲ್ಲ. ಅಕ್ಕ ಕೈ ಹೊರತೆಗೆದರು. ಖಾಲಿ ಕೈ.

"ವೇಳ್ಳಲ್ಲೋ ಉನ್ನಾಯಿ ಸಾರ್" ಅಂದರು. ಬೆರಳಲ್ಲಿವೆ ಎಂದು. ಅವರ ಮುಖವನ್ನೇ ನೋಡುತ್ತಾ ಒಂದು ಸಾಲು ಹೊಡೆದು ತೋರಿಸಿದರು. ಮೇಲ್ವಿಚಾರಕರು ಪರದೆ ನೋಡಿದರು, ನಿಯಮದ ಕಾಗದ ತಿರುವಿದರು. ಅಕ್ಷರ ಇರಬೇಕೆಂದು ಎಲ್ಲೂ ಬರೆದಿರಲಿಲ್ಲ. ಹೊಣೆ ನಿಮ್ಮದೇ ಎಂದು ಹೇಳಿ ಮುಂದಕ್ಕೆ ಹೋದರು.

ಗಂಟೆ ಹೊಡೆಯಿತು. ನನ್ನನ್ನು ಹೊರಗೆ ಕಳಿಸಿದರು. ವರಾಂಡದಲ್ಲಿ ಕಿಟಕಿಯ ಕೆಳಗೆ ನಿಂತೆ. ಒಳಗೆ ಎಷ್ಟೋ ಜನ ಹೊಡೆಯುತ್ತಿದ್ದರು, ಆದರೆ ಟಕ್ ಅನ್ನುವುದು ಒಂದೇ. ಮೊದಲು ಅವಸರ. ನಿಧಾನ ಅಕ್ಕಾ, ನಿಧಾನ ಎಂದು ಗೋಡೆಗೆ ಹೇಳಿದೆ. ಆಮೇಲೆ ಹದಕ್ಕೆ ಬಂತು. ಆರು ನಿಮಿಷ ಆಗಿರಬಹುದು, ಸದ್ದು ನಿಂತೇಹೋಯಿತು.

ನಾನು ಉಸಿರು ಎಣಿಸಿದೆ. ನಾಲ್ಕು. ಐದು. ಒಳಗೆ ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಎಂಟನೆಯ ಉಸಿರಿಗೆ ಒಂದು ಟಕ್. ಆಮೇಲೆ ಇನ್ನೊಂದು. ಆಮೇಲೆ ಒಂದೇ ಸಮ ಶುರುವಾದದ್ದು ಗಂಟೆ ಹೊಡೆಯುವವರೆಗೂ ನಿಲ್ಲಲಿಲ್ಲ.

ಹೊರಗೆ ಬಂದಾಗ ಅಕ್ಕನ ಕುತ್ತಿಗೆಯೆಲ್ಲ ಬೆವರು. "ಬೆರಳು ಒಂದ ಮನಿ ಸರ್ದಿದ್ದವು ತಂಗೀ. ಪರದಾದ ಮ್ಯಾಲ ಬರೇ ಕಸ. ಕೆಳಗ ನೋಡ್ದೆ. ಅಲ್ಲಿ ಏನದ ಮಣ್ಣು! ಮತ್ತ ನುಣ್ಣಂದು ಹುಡಕ್ದೆ" ಎಂದರು. ಕೂತು ನೀರು ಕುಡಿದರು. "ಅಕ್ಷರ ಇದ್ದಿದ್ರ ಅಲ್ಲೇ ನೋಡ್ಕೋತ ಕೂಡ್ತಿದ್ದೆ" ಎಂದು ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು.

ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ಬರೆಯುವುದಿಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೇ. ಸದ್ದು ನಿಲ್ಲುವ ಮುಂಚೆ ಎಷ್ಟು ಕಸ ಬಿದ್ದಿರಬಹುದೆಂದು ಬೆರಳು ಮಡಿಸಿ ಎಣಿಸುತ್ತಿದ್ದೆ. ಒಂದು ದಿನ ಬೆಳಗಿನ ಬ್ಯಾಚು ನಡೆಯುವಾಗ ಅಕ್ಕ ನಾರಾಯಣಖೇಡದ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತರು. ಇಪ್ಪತ್ತಮೂರು ತಪ್ಪು. ಪಾಸು. ಕುರ್ಚಿ ಉಳಿದಿತ್ತು.

ಕಂಕುಳಲ್ಲಿ ಬಟ್ಟೆ ಸುತ್ತಿದ ಕೀಬೋರ್ಡು ಇತ್ತು. ಮೇಜಿನ ಮೇಲಿಟ್ಟರು.

"ಇದು ಯಾಕ ತಂದ್ರಿ? ನಿಮಗಂತಲೇ ಮಾಡಿದ್ದು. ಆಫೀಸಿನ್ಯಾಗ ಇಟ್ಕೋರಿ" ಎಂದೆ. ಹೇಳಬಾರದು, ನನಗೆ ಸ್ವಲ್ಪ ಬೇಸರವೇ ಆಯಿತು. ಮೂರು ಊರು ತಿರುಗಿ ಜೋಡಿಸಿದ್ದು.

"ಆಫೀಸಿನ್ಯಾಗ ಚಪ್ಪಟಿಂದೇ ಅದ" ಅಂದರು ಅಕ್ಕ. "ನಿನ್ನೆ ನಾಕ ಪತ್ರ ಹೊಡದೆ ಅದರ ಮ್ಯಾಲ. ಏನಾಗಿಲ್ಲ. ನನಗ ಇನ್ನ ಯಾವದಾದ್ರೂ ನಡೀತದ ತಂಗೀ."